ವೋಲ್ಟೇಜ್ ಗೊತ್ತು, ಕರೆಂಟ್ ಗೊತ್ತು: ಇನ್ನು ರೋಧ ಮತ್ತು ವ್ಯಾಟ್ ಲೆಕ್ಕ ಹಾಕುವುದು ಹೇಗೆ?

ಹಳೆಯ ಮಾದರಿಯ ತಂತು ಬಲ್ಬೊಂದರ ಮೇಲೆ 230 ವೋಲ್ಟ್, 60 ವ್ಯಾಟ್ ಎಂದು ಬರೆದಿದೆ. ಉರಿಯುವಾಗ ಅದರಲ್ಲಿ ಹರಿಯುವ ಕರೆಂಟ್ ಸುಮಾರು 0.26 ಆಂಪಿಯರ್. 230ನ್ನು 0.26ರಿಂದ ಭಾಗಿಸಿದರೆ ರೋಧ, ಅಂದರೆ ಕರೆಂಟಿನ ಹರಿವಿಗೆ ತಂತು ಒಡ್ಡುವ ಅಡ್ಡಿ, ಹೆಚ್ಚುಕಡಿಮೆ 880 ಓಮ್ ಬರುತ್ತದೆ. ಈಗ ಬಲ್ಬನ್ನು ಹೋಲ್ಡರಿನಿಂದ ಬಿಚ್ಚಿ, ತಣ್ಣಗಾದ ಮೇಲೆ ಮಲ್ಟಿಮೀಟರಿನಿಂದ ಓಮ್ ಅಳೆಯಿರಿ. ಮೀಟರ್ 60ರಿಂದ 70ರ ಆಸುಪಾಸಿನಲ್ಲಿ ಎಲ್ಲೋ ನಿಲ್ಲುತ್ತದೆ.

ಇದನ್ನು ಮೊದಲ ಸಲ ಕಂಡಾಗ ನಾನು ಮೀಟರಿನ ಬ್ಯಾಟರಿ ಬದಲಾಯಿಸಿದೆ. ಆಮೇಲೆ ಬೇರೆ ಮೀಟರ್ ತಂದು ನೋಡಿದೆ. ಆಮೇಲೆ ಕ್ಯಾಲ್ಕುಲೇಟರ್ ಮೇಲೆ ಅನುಮಾನ ಪಟ್ಟೆ. ತಪ್ಪು ಮೂರರಲ್ಲೂ ಇರಲಿಲ್ಲ. ಬೆಳಗುವ ಟಂಗ್‌ಸ್ಟನ್ ತಂತುವಿನ ಉಷ್ಣತೆ 2,500 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲಿರುತ್ತದೆ. ಆ ಬಿಸಿಯಲ್ಲಿ ಅದರ ರೋಧ ತಣ್ಣಗಿದ್ದಾಗಿನ ಹತ್ತು ಹದಿನೈದು ಪಟ್ಟಾಗುತ್ತದೆ. 880 ಉರಿಯುವ ಬಲ್ಬಿನ ರೋಧ, 65 ಆರಿದ ಬಲ್ಬಿನ ರೋಧ. ಎರಡೂ ನಿಜ.

ಈ ವಿಷಯದಲ್ಲಿ ಗಣಿತ ಎಂದರೆ ಒಂದು ಭಾಗಾಕಾರ, ಒಂದು ಗುಣಾಕಾರ. ಜನ ಎಡವುವುದು ಅಲ್ಲಲ್ಲ. ಸೂತ್ರಕ್ಕೆ ಹಾಕುವ ಎರಡು ಅಂಕಿಗಳು ಒಂದೇ ವಸ್ತುವಿನವು, ಒಂದೇ ಹೊತ್ತಿನವು ಆಗಿವೆಯೇ ಎಂದು ಕೇಳಿಕೊಳ್ಳದೆ ಇರುವುದರಲ್ಲಿ ಎಡವುತ್ತಾರೆ. ಆದ್ದರಿಂದ ಸೂತ್ರವನ್ನು ಬೇಗ ಮುಗಿಸಿ, ಅಂಕಿಗಳನ್ನು ಹಿಡಿಯುವ ಬಗೆಗೆ ಹೆಚ್ಚು ಜಾಗ ಕೊಡುತ್ತೇನೆ.

ಮೊದಲು ಪದಗಳು

ಕರೆಂಟ್ ಹೋಯಿತು ಎನ್ನುತ್ತೇವೆ. ಮನೆಯಲ್ಲಿ ಒಂದೂ ಸ್ವಿಚ್ ಹಾಕದೆ ಕುಳಿತಿದ್ದರೆ ಹೋಗುವುದಕ್ಕೆ ಕರೆಂಟ್ ಹರಿಯುತ್ತಲೇ ಇರಲಿಲ್ಲ, ಹೋದದ್ದು ವೋಲ್ಟೇಜ್. ಕರೆಂಟ್ ಹೊಡೆಯಿತು ಎಂಬ ಮಾತು ಮಾತ್ರ ಅಕ್ಷರಶಃ ಸರಿ, ಮೈಯೊಳಗೆ ಹಾದದ್ದು ಕರೆಂಟೇ. ವೋಲ್ಟೇಜ್ ಎಂಬುದು ಎರಡು ಬಿಂದುಗಳ ನಡುವಿನ ವ್ಯತ್ಯಾಸ. ಪಠ್ಯಪುಸ್ತಕದ ವಿಭವಾಂತರ ಎಂಬ ಪದದಲ್ಲಿ ಆ ಅಂತರ ಎದ್ದು ಕಾಣುತ್ತದೆ. ಕರೆಂಟ್ ಒಂದು ಬಿಂದುವನ್ನು ಹಾದು ಹೋಗುವ ಹರಿವು. ಅಳೆಯುವಾಗ ಮೀಟರನ್ನು ಎಲ್ಲಿ ಸೇರಿಸಬೇಕು ಎಂಬುದಕ್ಕೆ ಉತ್ತರ ಈ ಎರಡು ವಾಕ್ಯಗಳಲ್ಲೇ ಇದೆ.

ಇನ್ನೊಂದು ಗೊಂದಲ ಶಕ್ತಿ ಎಂಬ ಪದದ್ದು. ವ್ಯಾಟ್ ಶಕ್ತಿಯ ಅಳತೆಯಲ್ಲ, ಶಕ್ತಿ ಖರ್ಚಾಗುವ ವೇಗದ ಅಳತೆ. ಪುಸ್ತಕಗಳು ಅದನ್ನು ಸಾಮರ್ಥ್ಯ ಎನ್ನುತ್ತವೆ, ನಾನೂ ಹಾಗೇ ಬರೆಯುತ್ತೇನೆ. 2,000 ವ್ಯಾಟಿನ ಹೀಟರ್ ಅರ್ಧ ಗಂಟೆ ಉರಿದರೆ ಒಂದು ಕಿಲೋವ್ಯಾಟ್ ಗಂಟೆ, ಅಂದರೆ ಒಂದು ಯೂನಿಟ್. ಯೂನಿಟ್ ಎಂಬುದೇ ಶಕ್ತಿ.

ಸೂತ್ರಗಳು ಇಷ್ಟೇ:

ರೋಧ (ಓಮ್) = ವೋಲ್ಟೇಜ್ (ವೋಲ್ಟ್) ÷ ಕರೆಂಟ್ (ಆಂಪಿಯರ್)
ಸಾಮರ್ಥ್ಯ (ವ್ಯಾಟ್) = ವೋಲ್ಟೇಜ್ × ಕರೆಂಟ್

ಇವೆರಡನ್ನು ಒಂದರೊಳಗೊಂದು ಹಾಕಿದರೆ ಇನ್ನೆರಡು ರೂಪಗಳು ಸಿಗುತ್ತವೆ:

ಸಾಮರ್ಥ್ಯ = ಕರೆಂಟ್ × ಕರೆಂಟ್ × ರೋಧ
ಸಾಮರ್ಥ್ಯ = ವೋಲ್ಟೇಜ್ × ವೋಲ್ಟೇಜ್ ÷ ರೋಧ

ಅಳೆಯುವ ಹಂತ

ಇಲ್ಲಿ ಹೇಳುವ ಕ್ರಮ ಬ್ಯಾಟರಿ ಅಥವಾ ಅಡಾಪ್ಟರಿನಿಂದ ನಡೆಯುವ 24 ವೋಲ್ಟಿನೊಳಗಿನ ನೇರ ವಿದ್ಯುತ್ತಿಗೆ, ಅಂದರೆ ಡಿಸಿಗೆ. ಗೋಡೆಯ ಪ್ಲಗ್ಗಿನ ವಿದ್ಯುತ್ತಿನಲ್ಲಿ ತಂತಿ ಕತ್ತರಿಸಿ ಮೀಟರ್ ಸೇರಿಸುವ ಸಾಹಸ ಬೇಡ. ಅಲ್ಲಿ ಉಪಕರಣದ ಫಲಕದ ಮೇಲಿನ ಅಂಕಿ ಸಾಕು. ಇಲ್ಲವಾದರೆ ಪ್ಲಗ್ ಮತ್ತು ಸಾಕೆಟ್ ನಡುವೆ ಸಿಕ್ಕಿಸುವ ವ್ಯಾಟ್ ಮೀಟರ್ ಬಳಸಿ.

ವೋಲ್ಟೇಜಿನಿಂದ ಆರಂಭಿಸಿ. ಮೀಟರನ್ನು ಡಿಸಿ ವೋಲ್ಟ್ ವಿಭಾಗಕ್ಕೆ ತಿರುಗಿಸಿ, ಉಪಕರಣ ನಡೆಯುತ್ತಿರುವಾಗಲೇ, ಅದರ ಎರಡು ತುದಿಗಳಿಗೆ ಮೀಟರಿನ ಎರಡು ಮೊನೆಗಳನ್ನು ತಾಗಿಸಿ. ಉಪಕರಣದ ತುದಿಗಳಿಗೆ ಎಂದು ಒತ್ತಿ ಹೇಳುತ್ತಿದ್ದೇನೆ, ಬ್ಯಾಟರಿಯ ತುದಿಗಳಿಗಲ್ಲ. ಕಾರಣ ಮುಂದೆ ಬರುತ್ತದೆ.

ಕರೆಂಟಿಗೆ ಬೇರೆ ಕ್ರಮ. ಮೊದಲು ಸರಬರಾಜು ನಿಲ್ಲಿಸಿ. ಒಂದು ತಂತಿಯನ್ನು ಬಿಡಿಸಿ, ಆ ಕಡಿದ ಜಾಗದಲ್ಲಿ ಮೀಟರನ್ನು ಸೇತುವೆಯಂತೆ ಸೇರಿಸಿ, ಹರಿವು ಮೀಟರಿನೊಳಗಿನಿಂದಲೇ ಹಾದು ಹೋಗುವ ಹಾಗೆ. ಕೆಂಪು ತಂತಿಯನ್ನು 10 ಆಂಪಿಯರ್ ಎಂದು ಗುರುತು ಮಾಡಿದ ರಂಧ್ರಕ್ಕೆ ಬದಲಾಯಿಸಿ. ಆಮೇಲೆ ಸರಬರಾಜು ಕೊಟ್ಟು, ಅಂಕಿ ಸ್ಥಿರವಾಗುವವರೆಗೆ ಕಾದು ಬರೆದುಕೊಳ್ಳಿ.

ಬರೆದುಕೊಂಡ ಕೂಡಲೇ, ಬೇರೇನನ್ನೂ ಮುಟ್ಟುವ ಮುಂಚೆ, ಕೆಂಪು ತಂತಿಯನ್ನು ವೋಲ್ಟ್ ರಂಧ್ರಕ್ಕೆ ಹಿಂದಿರುಗಿಸಿ. ನಾನು ಒಮ್ಮೆ ಇದನ್ನು ಮರೆತು ಅದೇ ಮೀಟರನ್ನು ಬ್ಯಾಟರಿಯ ಎರಡು ತುದಿಗಳಿಗೆ ಹಿಡಿದೆ. ಆಂಪಿಯರ್ ರಂಧ್ರಗಳ ನಡುವೆ ಮೀಟರಿನೊಳಗೆ ಇರುವುದು ಬಹುಮಟ್ಟಿಗೆ ಒಂದು ದಪ್ಪ ತಂತಿ. ಅದನ್ನು ಬ್ಯಾಟರಿಗೆ ಅಡ್ಡಲಾಗಿ ಹಿಡಿಯುವುದೆಂದರೆ ಶಾರ್ಟ್ ಸರ್ಕ್ಯೂಟ್. ಕಿಡಿ ಹಾರಿತು, ಮೊನೆಯ ತುದಿ ಕಪ್ಪಾಯಿತು, ಮೀಟರಿನ ಫ್ಯೂಸ್ ಹೋಯಿತು. ಫ್ಯೂಸ್ ಇಲ್ಲದ ಅಗ್ಗದ ಮೀಟರ್ ಆಗಿದ್ದರೆ ಕೈ ಸುಡುತ್ತಿತ್ತು.

ಓಮ್ ವಿಭಾಗವನ್ನು ಚಾಲೂ ಇರುವ ಸರ್ಕ್ಯೂಟಿಗೆ ಎಂದೂ ತಾಗಿಸಬೇಡಿ. ಅಲ್ಲಿ ಮೀಟರ್ ತನ್ನದೇ ಪುಟ್ಟ ಕರೆಂಟನ್ನು ಕಳಿಸಿ ಅಳೆಯುತ್ತದೆ. ಹೊರಗಿನ ವೋಲ್ಟೇಜ್ ಇದ್ದರೆ ಅಂಕಿಯೂ ಸುಳ್ಳು, ಮೀಟರಿಗೂ ಅಪಾಯ.

ಒಂದು ಲೆಕ್ಕ, ಪೂರ್ತಿಯಾಗಿ

ಬ್ಯಾಟರಿಗೆ ಸೇರಿಸಿದ ಒಂದು ಪುಟ್ಟ ಹೀಟರ್ ಸುರುಳಿ. ಸುರುಳಿಯ ತುದಿಗಳಲ್ಲಿ 11.8 ವೋಲ್ಟ್, ಹರಿಯುವ ಕರೆಂಟ್ 1.46 ಆಂಪಿಯರ್.

ರೋಧ: 11.8 ÷ 1.46 = 8.08 ಓಮ್.
ಸಾಮರ್ಥ್ಯ: 11.8 × 1.46 = 17.2 ವ್ಯಾಟ್.

ಸರಿಯಾಗಿದೆಯೇ ಎಂದು ಇನ್ನೊಂದು ದಾರಿಯಿಂದ ನೋಡಿ: 1.46 × 1.46 × 8.08 = 17.2. ಕೂಡಿ ಬಂತು. ಆದರೆ ಈ ತಾಳೆ ನಿಮ್ಮ ಗುಣಾಕಾರವನ್ನು ಮಾತ್ರ ಪರೀಕ್ಷಿಸುತ್ತದೆ, ಅಳತೆಯನ್ನಲ್ಲ. ಕರೆಂಟನ್ನೇ ತಪ್ಪಾಗಿ ಓದಿದ್ದರೂ ಎರಡೂ ಉತ್ತರಗಳು ಸಂತೋಷದಿಂದ ಹೊಂದಿಕೊಳ್ಳುತ್ತವೆ.

ಕ್ಯಾಲ್ಕುಲೇಟರ್ 8.0821917 ಎಂದು ತೋರಿಸಬಹುದು. ಮೂರು ಅಂಕಿಗಳಲ್ಲಿ ಅಳೆದವರು ಎಂಟು ಅಂಕಿಗಳ ಉತ್ತರ ಬರೆಯಬಾರದು. ವೋಲ್ಟೇಜಿನಲ್ಲಿ ಶೇಕಡಾ 1, ಕರೆಂಟಿನಲ್ಲಿ ಶೇಕಡಾ 2 ತಪ್ಪಿರಬಹುದಾದ ಮೀಟರಿನಲ್ಲಿ ಉತ್ತರ ಶೇಕಡಾ 3ರವರೆಗೆ ಆಚೀಚೆ ಆಗಬಹುದು. ಸುಮಾರು 8.1 ಓಮ್ ಎಂದರೆ ಸಾಕು.

ಮಿಲಿ ಆಂಪಿಯರ್ ಬಂದಾಗ ಹೆಚ್ಚಿನವರು ಮುಗ್ಗರಿಸುತ್ತಾರೆ. ಮೀಟರ್ 1460 ಮಿಲಿ ಆಂಪಿಯರ್ ಎಂದು ತೋರಿಸಿದ್ದನ್ನು ಹಾಗೇ ಭಾಗಿಸಿದರೆ 0.00808 ಬರುತ್ತದೆ. ಅದು ತಪ್ಪಲ್ಲ, ಆದರೆ ಓಮ್ ಅಲ್ಲ, ಕಿಲೋ ಓಮ್. ಇದನ್ನೇ ಅನುಕೂಲವಾಗಿ ಬಳಸಿಕೊಳ್ಳಬಹುದು: ವೋಲ್ಟನ್ನು ಮಿಲಿ ಆಂಪಿಯರಿನಿಂದ ಭಾಗಿಸಿದರೆ ಕಿಲೋ ಓಮ್, ವೋಲ್ಟನ್ನು ಮಿಲಿ ಆಂಪಿಯರಿನಿಂದ ಗುಣಿಸಿದರೆ ಮಿಲಿ ವ್ಯಾಟ್. ಸಣ್ಣ ಎಲೆಕ್ಟ್ರಾನಿಕ್ ಕೆಲಸದಲ್ಲಿ ನಾನು ಆಂಪಿಯರಿಗೆ ಬದಲಾಯಿಸುವ ಗೋಜಿಗೇ ಹೋಗುವುದಿಲ್ಲ.

ಯಾವಾಗ ಯಾವ ರೂಪ?

ನಾಲ್ಕು ಸೂತ್ರಗಳಲ್ಲಿ ಯಾವುದನ್ನು ಹಿಡಿಯಬೇಕು ಎಂಬುದು ಏನು ಬದಲಾಗುತ್ತಿದೆ, ಏನು ಬದಲಾಗುತ್ತಿಲ್ಲ ಎಂಬುದನ್ನು ಅವಲಂಬಿಸಿದೆ. 230 ವೋಲ್ಟಿಗೆಂದು ಮಾಡಿದ 2,000 ವ್ಯಾಟಿನ ನೀರು ಕಾಯಿಸುವ ಕಾಯಿಲ್ ತೆಗೆದುಕೊಳ್ಳಿ. ಕರೆಂಟ್ 2000 ÷ 230 = 8.7 ಆಂಪಿಯರ್, ರೋಧ 26.4 ಓಮ್. ಸಂಜೆ ವೋಲ್ಟೇಜ್ 200ಕ್ಕೆ ಇಳಿಯಿತು. ಆಗ ಎಷ್ಟು ವ್ಯಾಟ್? 200 × 8.7 = 1740 ಎಂದು ಗುಣಿಸುವವರಿದ್ದಾರೆ. ಅದು ತಪ್ಪು, ಏಕೆಂದರೆ 8.7 ಎಂಬುದು 230 ಇದ್ದಾಗಿನ ಕರೆಂಟ್. ವೋಲ್ಟೇಜ್ ಈ ಸಂಜೆಯದು, ಕರೆಂಟ್ ಆಗಿನದು. ಇಲ್ಲಿ ಹೆಚ್ಚುಕಡಿಮೆ ಬದಲಾಗದೆ ಉಳಿದಿರುವುದು ರೋಧ. ಹೀಟರ್ ಕಾಯಿಲಿಗೆ ಬಳಸುವ ನೈಕ್ರೋಮ್ ತಂತಿ ಬಿಸಿಯಾದರೂ ಅದರ ರೋಧ ಬಲ್ಬಿನ ತಂತುವಿನಂತೆ ಏರುವುದಿಲ್ಲ. ಆದ್ದರಿಂದ ನಾಲ್ಕನೆಯ ರೂಪ: 200 × 200 ÷ 26.4 = 1515 ವ್ಯಾಟ್. ವೋಲ್ಟೇಜ್ ಇಳಿದದ್ದು ಶೇಕಡಾ 13, ಬಿಸಿ ಇಳಿದದ್ದು ಶೇಕಡಾ 24.

ಇದೇ ರೂಪ ಇನ್ನೊಂದು ತಪ್ಪು ಕಲ್ಪನೆಯನ್ನೂ ಕಳೆಯುತ್ತದೆ. ಹೆಚ್ಚು ವ್ಯಾಟ್ ಎಂದರೆ ಹೆಚ್ಚು ರೋಧ ಎಂದು ಹಲವರು ನಂಬಿರುತ್ತಾರೆ. 230 ವೋಲ್ಟಿನಲ್ಲಿ 100 ವ್ಯಾಟಿನ ಬಲ್ಬಿನ ರೋಧ 529 ಓಮ್, 60 ವ್ಯಾಟಿನದು 882. ಎರಡನ್ನೂ ಒಂದರ ಹಿಂದೊಂದು ಸರಣಿಯಲ್ಲಿ ಜೋಡಿಸಿದರೆ 60 ವ್ಯಾಟಿನ ಬಲ್ಬೇ ಹೆಚ್ಚು ಬೆಳಗುತ್ತದೆ. ಸರಣಿಯಲ್ಲಿ ಎರಡಕ್ಕೂ ಕರೆಂಟ್ ಒಂದೇ. ಮೂರನೆಯ ರೂಪದಲ್ಲಿ ಯಾರ ರೋಧ ಹೆಚ್ಚೋ ಅವರದೇ ಮೇಲುಗೈ.

ಕರೆಂಟಿನ ವರ್ಗಕ್ಕೆ ತಕ್ಕಂತೆ ತಂತಿ ಬಿಸಿಯಾಗುತ್ತದೆ ಎಂಬುದನ್ನು ಜೇಮ್ಸ್ ಜೌಲ್ 1841ರಲ್ಲಿ ಪ್ರಕಟಿಸಿದರು. ಆ ವರ್ಗದ ಬಿಸಿ ಹೆಚ್ಚಾಗಿ ಮುಟ್ಟುವುದು ತಂತಿಗಳಲ್ಲಿ. 12 ವೋಲ್ಟ್ ಬ್ಯಾಟರಿಯಿಂದ 10 ಮೀಟರ್ ದೂರದಲ್ಲಿ 5 ಆಂಪಿಯರ್ ಎಳೆಯುವ ದೀಪವಿದೆ, ತಂತಿ 1.5 ಚದರ ಮಿಲಿಮೀಟರಿನ ತಾಮ್ರ. ಹೋಗಲು 10, ಬರಲು 10, ಒಟ್ಟು 20 ಮೀಟರ್. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ರೋಧ ಮೀಟರಿಗೆ ಸುಮಾರು 0.0172 ಓಮ್. ಲೆಕ್ಕ ಹೀಗೆ:

0.0172 × 20 ÷ 1.5 = 0.23 ಓಮ್
ತಂತಿಯಲ್ಲಿ ಕಳೆಯುವ ವೋಲ್ಟೇಜ್: 5 × 0.23 = 1.15 ವೋಲ್ಟ್
ತಂತಿಯಲ್ಲಿ ವ್ಯರ್ಥವಾಗುವ ಸಾಮರ್ಥ್ಯ: 5 × 5 × 0.23 = ಸುಮಾರು 5.7 ವ್ಯಾಟ್

ಬ್ಯಾಟರಿಯಲ್ಲಿ 12 ಇದ್ದರೂ ದೀಪಕ್ಕೆ ತಲುಪುವುದು 10.85. ಬ್ಯಾಟರಿಯ ಬಳಿ ವೋಲ್ಟೇಜ್ ಅಳೆದವರು ದೀಪದ ರೋಧ 12 ÷ 5 = 2.4 ಓಮ್ ಎನ್ನುತ್ತಾರೆ. ದೀಪದ ಬುಡದಲ್ಲಿ ಅಳೆದವರಿಗೆ 2.17 ಸಿಗುತ್ತದೆ. ಮೊದಲನೆಯವರು ದೀಪವನ್ನೂ ತಂತಿಯನ್ನೂ ಸೇರಿಸಿ ಅಳೆದಿದ್ದಾರೆ. ಉಪಕರಣದ ತುದಿಗಳಿಗೇ ಮೊನೆ ತಾಗಿಸಿ ಎಂದದ್ದು ಇದಕ್ಕೇ.

ರೋಧ ತೀರ ಹೆಚ್ಚಿದ್ದಾಗ ತೊಂದರೆ ತಿರುಗುಮುರುಗಾಗುತ್ತದೆ. ಸಾಮಾನ್ಯ ಡಿಜಿಟಲ್ ಮೀಟರಿನ ವೋಲ್ಟ್ ವಿಭಾಗಕ್ಕೇ ಸುಮಾರು 10 ಮೆಗಾ ಓಮ್ ರೋಧವಿರುತ್ತದೆ. 1 ಮೆಗಾ ಓಮಿನ ರೋಧಕದ ತುದಿಗಳಿಗೆ ಅದನ್ನು ಹಿಡಿದರೆ ಕರೆಂಟಿನ ಒಂದು ಪಾಲು ಮೀಟರಿನೊಳಗೆ ನುಗ್ಗುತ್ತದೆ. ಆಗ ಲೆಕ್ಕದಲ್ಲಿ ಬರುವುದು 0.91 ಮೆಗಾ ಓಮ್.

ಎಲ್‌ಇಡಿ: ಭಾಗಾಕಾರ ಕೈಕೊಡುವ ಜಾಗ

ಕೆಂಪು ಎಲ್‌ಇಡಿಯೊಂದರ ತುದಿಗಳಲ್ಲಿ 2 ವೋಲ್ಟ್, ಹರಿವು 20 ಮಿಲಿ ಆಂಪಿಯರ್. ಭಾಗಿಸಿದರೆ 100 ಓಮ್. ಹಾಗಾದರೆ 4 ವೋಲ್ಟ್ ಕೊಟ್ಟರೆ 40 ಮಿಲಿ ಆಂಪಿಯರ್ ಹರಿಯಬೇಕಲ್ಲ? ಹರಿಯುವುದಿಲ್ಲ; ಅದಕ್ಕಿಂತ ಎಷ್ಟೋ ಹೆಚ್ಚು ನುಗ್ಗಿ ಎಲ್‌ಇಡಿ ಸುಟ್ಟುಹೋಗುತ್ತದೆ. ವೋಲ್ಟೇಜ್ ಎಷ್ಟು ಪಟ್ಟಾದರೆ ಕರೆಂಟೂ ಅಷ್ಟೇ ಪಟ್ಟಾಗುತ್ತದೆ ಎಂಬ ಓಮ್ ನಿಯಮವನ್ನು ಪಾಲಿಸುವ ವಸ್ತುವೇ ಅದಲ್ಲ. 100 ಎಂಬ ಉತ್ತರ ಆ ಒಂದು ಸ್ಥಿತಿಗೆ ಮಾತ್ರ ನಿಜ, ಮುಂದಿನ ಊಹೆಗೆ ಉಪಯೋಗವಿಲ್ಲ. ಸಾಮರ್ಥ್ಯದ ಸೂತ್ರಕ್ಕೆ ಈ ತೊಡಕಿಲ್ಲ: 2 × 0.02 = 0.04 ವ್ಯಾಟ್ ಎಂಬುದು ಅಲ್ಲೂ ಸರಿ.

ಎಲ್‌ಇಡಿ ಜೊತೆ ಸರಣಿಯಲ್ಲಿ ಹಾಕುವ ರೋಧಕದ ಲೆಕ್ಕದಲ್ಲೂ ವೋಲ್ಟೇಜ್ ಯಾರದು ಎಂದು ಕೇಳಬೇಕು. 5 ವೋಲ್ಟ್ ಸರಬರಾಜಿನಲ್ಲಿ 5 ÷ 0.02 = 250 ಓಮ್ ಎಂದು ಹಾಕಿದರೆ ಎಲ್‌ಇಡಿಗೆ 12 ಮಿಲಿ ಆಂಪಿಯರ್ ಮಾತ್ರ ಸಿಗುತ್ತದೆ. ರೋಧಕದ ಪಾಲಿಗೆ ಬರುವುದು 5 ಅಲ್ಲ, 5 − 2 = 3 ವೋಲ್ಟ್. 3 ÷ 0.02 = 150 ಓಮ್. ಅದೇ 12 ವೋಲ್ಟಿನಲ್ಲಾದರೆ 10 ÷ 0.02 = 500 ಓಮ್. ಮಾರುಕಟ್ಟೆಯಲ್ಲಿ ಸಾಮಾನ್ಯವಾಗಿ ಸಿಗುವ ರೋಧಕಗಳಲ್ಲಿ 500 ಇಲ್ಲ. 470 ಇದೆ, 560 ಇದೆ. ದೊಡ್ಡದನ್ನೇ ಆರಿಸಿ, ಕರೆಂಟ್ ಸುಮಾರು 18 ಮಿಲಿ ಆಂಪಿಯರ್ ಆಗುತ್ತದೆ, ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಓಮ್ ಆರಿಸಿ ಎದ್ದುಬಿಡಬೇಡಿ, ವ್ಯಾಟ್ ನೋಡಿ: 10 × 0.018 = 0.18 ವ್ಯಾಟ್. ಕಾಲು ವ್ಯಾಟಿನ ರೋಧಕ ಕಾಗದದ ಮೇಲೆ ಸಾಕು, ಆದರೆ ಮುಟ್ಟಿದರೆ ಬೆರಳು ಹಿಂದೆಗೆಯುವಷ್ಟು ಕಾಯುತ್ತದೆ. ಲೆಕ್ಕಕ್ಕೆ ಬಂದದ್ದರ ಎರಡರಷ್ಟು ತಾಳುವ ರೋಧಕ ಹಾಕುವುದು ನನ್ನ ಪದ್ಧತಿ. ಇಲ್ಲಿ ಅರ್ಧ ವ್ಯಾಟಿನದು.

ಬ್ಯಾಟರಿಯ ಒಳಗಿನ ರೋಧ

ಮೀಟರಿನ ಮೊನೆಯನ್ನು ಒಳಗೆ ಹಾಕಿ ಅಳೆಯಲಾಗದ ಜಾಗದ ರೋಧವನ್ನೂ ವೋಲ್ಟೇಜ್ ಮತ್ತು ಕರೆಂಟಿನಿಂದ ಹಿಡಿಯಬಹುದು. ಬ್ಯಾಟರಿಗೆ ಏನನ್ನೂ ಸೇರಿಸದೆ ಅಳೆದಾಗ 12.6 ವೋಲ್ಟ್. 10 ಆಂಪಿಯರ್ ಎಳೆಯುವ ದೀಪ ಸೇರಿಸಿದ ಕೆಲವೇ ಕ್ಷಣಗಳಲ್ಲಿ 12.1. ಇಲ್ಲಿ ಭಾಗಿಸಬೇಕಾದ್ದು ವ್ಯತ್ಯಾಸವನ್ನು: 0.5 ÷ 10 = 0.05 ಓಮ್.

ಇಷ್ಟು ಚಿಕ್ಕದೇ ಎನಿಸಬಹುದು. ಎಂಜಿನ್ ತಿರುಗಿಸುವ ಸ್ಟಾರ್ಟರ್ 150 ಆಂಪಿಯರ್ ಬೇಡಿದಾಗ ಒಳಗೇ 150 × 0.05 = 7.5 ವೋಲ್ಟ್ ನುಂಗಿಹೋಗುತ್ತದೆ; ಹೊರಗೆ ಉಳಿಯುವುದು 5.1. ಹೆಡ್‌ಲೈಟ್ ಚೆನ್ನಾಗಿ ಉರಿಯುವ, ಆದರೆ ಎಂಜಿನ್ ಮಾತ್ರ ಏಳದ ಬ್ಯಾಟರಿಯ ಕಥೆ ಇದೇ.

ಎರಡನೆಯ ಅಳತೆಗೆ ತಡಮಾಡಿದರೆ ಬ್ಯಾಟರಿಯೇ ಖಾಲಿಯಾಗುತ್ತಾ ಬಂದು ವ್ಯತ್ಯಾಸ ಹಿಗ್ಗುತ್ತದೆ. ಜಾರ್ಜ್ ಸೈಮನ್ ಓಮ್ ಅವರನ್ನು ಕಾಡಿದ್ದೂ ಇಂಥದ್ದೇ ತೊಂದರೆ. 1825ರಲ್ಲಿ ಅವರು ವೋಲ್ಟಾ ಮಾದರಿಯ ಕೋಶ ಬಳಸಿ ಪ್ರಯೋಗ ಮಾಡಿದಾಗ ತಂತಿ ಬದಲಾಯಿಸುವಷ್ಟರಲ್ಲಿ ಕೋಶದ ಬಲವೇ ಕುಂದುತ್ತಿತ್ತು, ಹಾಗಾಗಿ ಸಿಕ್ಕ ನಿಯಮವೂ ತಪ್ಪಾಗಿತ್ತು. ಮರುವರ್ಷ ಅವರು ತಾಮ್ರ ಮತ್ತು ಬಿಸ್ಮತ್ ಲೋಹಗಳ ಬೆಸುಗೆಯ ಒಂದು ತುದಿಯನ್ನು ಕುದಿಯುವ ನೀರಿನಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟು ಅಲುಗದ ವೋಲ್ಟೇಜ್ ಪಡೆದರು. 1827ರಲ್ಲಿ ಪುಸ್ತಕವಾಗಿ ಬಂದ ನಿಯಮ ಆ ಅಳತೆಗಳ ಫಲ.

ಗೋಡೆಯ ವಿದ್ಯುತ್ತಿಗೆ ಇನ್ನೊಂದು ಅಂಕಿ ಬೇಕು

ಪರ್ಯಾಯ ವಿದ್ಯುತ್ತಿನಲ್ಲಿ, ಅಂದರೆ ಎಸಿಯಲ್ಲಿ, ವೋಲ್ಟೇಜೂ ಕರೆಂಟೂ ಸೆಕೆಂಡಿಗೆ 50 ಅಥವಾ 60 ಬಾರಿ ಏರಿಳಿಯುತ್ತವೆ. 230 ಎಂದು ಮೀಟರ್ ತೋರಿಸುವುದು ಬಿಸಿ ಮಾಡುವ ಗುಣದಲ್ಲಿ ಡಿಸಿಗೆ ಸಮನಾದ ಅಂಕಿ. ಅಲೆಯ ಶಿಖರ ಸುಮಾರು 325 ವೋಲ್ಟ್ ಮುಟ್ಟುತ್ತದೆ. ಹೀಟರ್, ಇಸ್ತ್ರಿಪೆಟ್ಟಿಗೆ, ತಂತು ಬಲ್ಬುಗಳಲ್ಲಿ ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದರಿಂದ ಹಿಂದಿನ ಸೂತ್ರಗಳೆಲ್ಲ ಹಾಗೇ ನಡೆಯುತ್ತವೆ.

ಮೋಟಾರಿನಲ್ಲಿ ಕರೆಂಟ್ ವೋಲ್ಟೇಜಿಗಿಂತ ತುಸು ತಡವಾಗಿ ಏಳುತ್ತದೆ. ಮೀಟರ್ ತೋರಿಸುವ ಎರಡು ಅಂಕಿಗಳು ಒಂದೇ ಹೊತ್ತಿನವಲ್ಲದ ಕಾರಣ ಗುಣಾಕಾರ ಹೆಚ್ಚು ಹೇಳುತ್ತದೆ. 230 ವೋಲ್ಟ್, 2.5 ಆಂಪಿಯರ್ ಪಂಪಿಗೆ ಬರುವ 575 ವ್ಯಾಟ್ ಅಲ್ಲ, ವೋಲ್ಟ್ ಆಂಪಿಯರ್. ವ್ಯಾಟ್ ಮೀಟರ್ 460 ತೋರಿಸಿದರೆ, 460 ÷ 575 = 0.8 ಎಂಬುದು ಪವರ್ ಫ್ಯಾಕ್ಟರ್. ಅಂಕಿ ಫಲಕದಲ್ಲೇ ಬರೆದಿದ್ದರೆ ವೋಲ್ಟೇಜ್ × ಕರೆಂಟ್ × ಪವರ್ ಫ್ಯಾಕ್ಟರ್ ಎಂದು ಗುಣಿಸಿ.

ಅದೇ ಪಂಪಿನಲ್ಲಿ 230 ÷ 2.5 = 92 ಓಮ್ ಎಂಬುದು ರೋಧವೂ ಅಲ್ಲ. ಸುರುಳಿಯ ಕಾಂತೀಯ ಅಡ್ಡಿಯೂ ತಿರುಗುವ ಕೆಲಸವೂ ಅದರಲ್ಲಿ ಬೆರೆತಿವೆ. ಅದಕ್ಕೆ ಇಂಪೀಡೆನ್ಸ್ ಎಂದು ಹೆಸರು. ತಾಮ್ರದ ಸುರುಳಿ ಎಷ್ಟು ಬಿಸಿಯನ್ನು ವ್ಯರ್ಥ ಮಾಡುತ್ತಿದೆ ಎಂದು ತಿಳಿಯಬೇಕಾದರೆ ಪ್ಲಗ್ ಕಿತ್ತು, ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಕೆಪಾಸಿಟರ್ ಇದ್ದರೆ ಅದು ಖಾಲಿಯಾಗಿದೆ ಎಂದು ಖಚಿತಪಡಿಸಿಕೊಂಡು, ಮುಖ್ಯ ಸುರುಳಿಯನ್ನೇ ಓಮ್ ವಿಭಾಗದಲ್ಲಿ ಅಳೆಯಬೇಕು. 8 ಓಮ್ ಬಂತು ಎನ್ನೋಣ: 2.5 × 2.5 × 8 = 50 ವ್ಯಾಟ್. ಆದರೆ ಅದು ಬೆಳಗಿನ ತಣ್ಣನೆಯ ಪಂಪು. ತಾಮ್ರದ ರೋಧ ಡಿಗ್ರಿಗೆ ಸುಮಾರು ಶೇಕಡಾ 0.39 ಏರುತ್ತದೆ; ಓಡಿ ಓಡಿ 60 ಡಿಗ್ರಿ ಹೆಚ್ಚು ಕಾದ ಸುರುಳಿಯಲ್ಲಿ ಅದೇ 8 ಓಮ್ 9.9 ಆಗಿರುತ್ತದೆ, ವ್ಯರ್ಥ 62 ವ್ಯಾಟ್. ಹಾಗಾಗಿ ಪಂಪು ಒಂದು ಗಂಟೆ ಓಡಿದ ಮೇಲೆ ನಿಲ್ಲಿಸಿ, ಸುರುಳಿ ಆರುವ ಮುನ್ನ ಅಳೆಯಿರಿ.